ಒಂದೇ ಕಲ್ಲಿನ ಮಾಡು

ಪ್ರಫುಲ್ಲಕ್ಕನಿಗೆ ನಾನು ಸೀರೆ ಉಡಿಸಲು ತೊಡಗಿ ಇಪ್ಪತ್ತಮೂರು ವರ್ಷವಾಯಿತು. ಸೀರೆ ಉಡಲು ಅವರಿಗೆ ಬರುವುದಿಲ್ಲವೆಂದಲ್ಲ. ದಿನಕ್ಕೆ ಮೂರು ಕಾರ್ಯಕ್ರಮಕ್ಕೆ ಹೋಗುವವರಿಗೆ ಮೂರೂ ಕಡೆ ನೆರಿಗೆ ಒಂದೇ ಸಮ ನಿಲ್ಲಬೇಕು, ಫೋಟೋದಲ್ಲಿ ಸೆರಗು ಜಾರಬಾರದು, ಅದಕ್ಕೆ ನಾನು. ನನ್ನ ಹೆಸರು ಇಮೆಲ್ಡಾ. ಊರು ಶಿರ್ವ, ಪಾರ್ಲರ್ ಮಣಿಪಾಲದಲ್ಲಿ. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಹೋದ ವರ್ಷ ಊರಿನವರೆಲ್ಲ ಅವರ ಬಗ್ಗೆ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿಯೇ ಬರೆದರು. ಅದರಲ್ಲಿ ಅರ್ಧ ಸುಳ್ಳು, ಉಳಿದರ್ಧಕ್ಕೆ ತಲೆಬುಡ ಇಲ್ಲ.

ಕಾರ್ಕಳದಿಂದ ಸ್ವಲ್ಪ ಆಚೆ ಅವರ ಸೋದರಮಾವ ಶೀನ ಶೆಟ್ಟರ ಶಿಲೆಕಲ್ಲಿನ ಕೋರೆ ಉಂಟು. ಬಂಡೆ ಒಡೆದು, ಕೊಯ್ದು, ನುಣುಪು ಮಾಡಿ ಮುಂಬಯಿಗೂ ಹೊರದೇಶಕ್ಕೂ ಕಳಿಸುವ ಕೋರೆ. ಅವರದು ಅಳಿಯಕಟ್ಟಿನ ಮನೆತನ. ಅಲ್ಲಿ ಸೊತ್ತು ಇಳಿಯುವುದು ಹೆಣ್ಣಿನ ದಾರಿಯಲ್ಲಿ. ನಡೆಸುವುದು ಮಾತ್ರ ಗಂಡಸರು. ಕಾನೂನು ಬದಲಾದರೂ ಶೀನ ಶೆಟ್ಟರು ಹಳೆಯ ಕಟ್ಟನ್ನು ಬಿಡಲಿಲ್ಲ. ತನ್ನ ಮಕ್ಕಳಿಗೆ ಬೇರೆ ವ್ಯವಸ್ಥೆ ಮಾಡಿ, ಕೋರೆಯನ್ನು ಅಕ್ಕನ ಮಗಳು ಪ್ರಫುಲ್ಲನ ಹೆಸರಿಗೆ ಬರೆದರು. ನಡೆಸಲು ಪ್ರಫುಲ್ಲಕ್ಕನ ಚಿಕ್ಕಮ್ಮನ ಮಗ ಸುಕೇಶ. ಪ್ರಫುಲ್ಲಕ್ಕನ ಕೆಲಸ ಸಹಿ ಹಾಕುವುದು. ಸುಕೇಶ ಕಾಗದ ತಂದರೆ ನನ್ನ ಪಾರ್ಲರಿನ ಕುರ್ಚಿಯಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಲೇ ಸಹಿ ಹಾಕಿಬಿಡುವರು. ಎಷ್ಟೋ ಕಾಗದಗಳ ಮೇಲೆ ನನ್ನ ಬಣ್ಣದ ಬೆರಳಚ್ಚು ಇರಬಹುದು.

ಒಂದು ಸಂಗತಿ ಊರಿಗೆ ಗೊತ್ತಿಲ್ಲ. ಹನ್ನೆರಡು ವರ್ಷ ತುಂಬುವವರೆಗೆ ಪ್ರಫುಲ್ಲಕ್ಕ ರಜೆಯೆಲ್ಲ ಕಳೆದದ್ದು ಆ ಕೋರೆಯಲ್ಲಿ. ಮಾವ ಒಂದು ಸಣ್ಣ ಸುತ್ತಿಗೆ ಕೊಟ್ಟಿದ್ದರಂತೆ. ಕಲ್ಲನ್ನು ಮೆಲ್ಲ ಬಡಿದು ಕೇಳಬೇಕು. ಒಳಗೆ ಗಟ್ಟಿ ಇದ್ದರೆ ಠಣ್ಣೆನ್ನುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಸದ್ದು ಅಲ್ಲಿಗೆ ಸತ್ತುಹೋಗುತ್ತದೆ. ಮಾವ ಹತ್ತು ಕಲ್ಲು ಸಾಲಾಗಿ ಇಡಿಸಿ ಯಾವುದು ಒಡಕು ಎಂದು ಕೇಳಿದರೆ ಈ ಹುಡುಗಿ ಹತ್ತಕ್ಕೆ ಹತ್ತು ಸರಿ ಹೇಳುತ್ತಿತ್ತಂತೆ. ಆಮೇಲೆ ದೊಡ್ಡವಳಾದಳು. ಇನ್ನು ಕೋರೆಗೆ ಹೆಜ್ಜೆ ಇಡಬಾರದು ಎಂದು ಹೇಳಿದವರು ಅದೇ ಮಾವ. ಸುತ್ತಿಗೆಯನ್ನು ವಾಪಸು ತೆಗೆದುಕೊಂಡು ಒಂದು ಜತೆ ಬಳೆ ಮಾಡಿಸಿಕೊಟ್ಟರಂತೆ. ಇದನ್ನು ಹೇಳುವಾಗ ಪ್ರಫುಲ್ಲಕ್ಕ ನಗುತ್ತಿದ್ದರು. ನನಗೆ ನಗು ಬಂದಿರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತು. ಮುಂಬಯಿಯ ಹೋಟೆಲಿನವರೊಬ್ಬರ ಜತೆ ಮದುವೆ, ಒಂಬತ್ತು ವರ್ಷಕ್ಕೆ ಅದು ಮುಗಿದು ಒಂದು ಸೂಟ್‌ಕೇಸಿನೊಂದಿಗೆ ವಾಪಸು. ಮಕ್ಕಳಿಲ್ಲ. ಕಾಪುವಿನಲ್ಲಿ ಕಡಲಿಗೆ ಮುಖ ಮಾಡಿ ಒಂದು ಮನೆ ಕಟ್ಟಿಸಿದರು. ಹುಟ್ಟುಹಬ್ಬಕ್ಕೆ ಅಲ್ಲಿ ಇನ್ನೂರು ಜನ ಸೇರುತ್ತಿದ್ದರು. ಉಡುಪಿಯಲ್ಲಿ ಚಿನ್ನದ ಅಂಗಡಿ ತೆರೆಯಲಿ, ಮಣಿಪಾಲದಲ್ಲಿ ಫ್ಯಾಶನ್ ಶೋ ಆಗಲಿ, ಯಾವುದೋ ಮೂಲೆಯ ಯುವಕ ಮಂಡಲಕ್ಕೆ ಇಪ್ಪತ್ತೈದು ತುಂಬಲಿ, ವೇದಿಕೆಯ ಮೇಲೆ ಬಲದಿಂದ ಎರಡನೆಯ ಕುರ್ಚಿ ಪ್ರಫುಲ್ಲಕ್ಕನದು. ದೀಪ ಹಚ್ಚುವುದು, ನಾಲ್ಕು ಮಾತಾಡುವುದು, ಶಾಲು ಹೊದೆಸಿಕೊಳ್ಳುವುದು. ಆ ಶಾಲುಗಳು ಮೂರು ಕಪಾಟು ತುಂಬಿದ್ದವು. "ಇದನ್ನೆಲ್ಲ ಹೊದ್ದರೆ ನಾನು ಹಿಮಾಲಯದಲ್ಲಿ ಬದುಕಬಹುದು ಬಾಯಮ್ಮ" ಎನ್ನುವರು. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿ ಬಾಯಮ್ಮ ಎಂದು ಕರೆಯುವುದು ವಾಡಿಕೆ. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಒಂದೆರಡು ಸಲ ಇರಬೇಕು, ಅದೂ ಸಿಟ್ಟಿನಲ್ಲಿ.

ಅವರು ಒಳ್ಳೆಯವರೋ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಸಮಯ ಪಾಲಿಸುವವರಲ್ಲ. ಹೊಗಳಿಕೆ ಬೇಕು. ಫೋಟೋ ಪೇಪರಿನಲ್ಲಿ ಸಣ್ಣದಾಗಿ ಬಂದರೆ ಆ ದಿನ ಊಟ ಸೇರುವುದಿಲ್ಲ. ಮೈಕ್ ಸಿಕ್ಕಿದರೆ ನಾಲಗೆಗೆ ಬೀಗ ಇಲ್ಲ. ಹಾಗೆ ಬೀಗ ಇಲ್ಲದ್ದರಿಂದಲೇ ಇದೆಲ್ಲ ಆದದ್ದು.

ಹೋದ ವರ್ಷ ಜನವರಿಯಲ್ಲಿ ಬೆಳ್ಮಣ್ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವ. ಏಳನೆಯ ಮುಗಿಸಿ ಬಸ್ಸಿನಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ಕ್ರಾಸಿನಲ್ಲಿ ಮಳೆಗೆ ನಿಲ್ಲಲು ಜಾಗ ಇಲ್ಲ ಎಂದು ಹೆಡ್‌ಮಾಸ್ಟರು ಹೇಳಿದರು. ನಮ್ಮಲ್ಲಿ ಬಸ್ ತಂಗುದಾಣ ಸರಕಾರ ಕಟ್ಟಿಸುವುದಕ್ಕಿಂತ ಸತ್ತವರ ಹೆಸರಿನಲ್ಲಿ ಇದ್ದವರು ಕಟ್ಟಿಸುವುದೇ ಹೆಚ್ಚು. ಪ್ರಫುಲ್ಲಕ್ಕ ಎದ್ದು ನಿಂತು, ಮಾವನ ಸ್ಮರಣಾರ್ಥ ತಾನೇ ಕಟ್ಟಿಸುವೆನೆಂದರು. ಚಪ್ಪಾಳೆ ಬಿತ್ತು. ಅಷ್ಟಕ್ಕೆ ಕೂತಿದ್ದರೆ ಸಾಕಿತ್ತು. "ನಾಲ್ಕು ಕಂಬ, ಮೇಲೆ ಮಾಡಿಗೆ ಇಡೀ ಒಂದೇ ಕಲ್ಲು. ಇಂಥದ್ದು ಜಿಲ್ಲೆಯಲ್ಲಿಯೇ ಇಲ್ಲ. ಮೇ ಇಪ್ಪತ್ತೈದಕ್ಕೆ, ಮಾವ ತೀರಿಕೊಂಡ ದಿನ, ಉದ್ಘಾಟನೆ" ಎಂದುಬಿಟ್ಟರು. ಚಪ್ಪಾಳೆ ಇನ್ನೂ ಜೋರಾಯಿತು.

ಕೋರೆಯಲ್ಲಿ ಶೀನ ಶೆಟ್ಟರದೊಂದು ಕಟ್ಟಳೆ ಇತ್ತು. ಜನರ ತಲೆಯ ಮೇಲೆ ನಿಲ್ಲುವ ಕಲ್ಲನ್ನು ಬೆಣೆ ಹೊಡೆದು ಮೆಲ್ಲ ಬಿಡಿಸಬೇಕು, ಮದ್ದು ಇಟ್ಟು ಸಿಡಿಸಬಾರದು. ಹತ್ತಿರದಲ್ಲಿ ಮದ್ದು ಹೊಡೆದಿದ್ದರೆ ಅಂಥ ಕಲ್ಲನ್ನು ಒಂದು ಮಳೆಗಾಲ ಬಯಲಿನಲ್ಲಿ ಬಿಡಬೇಕು. ಒಳಗೆ ಬಿರುಕಿದ್ದರೆ ಅದು ನೀರು ಕುಡಿದು ತಾನಾಗಿ ತೋರಿಸಿಕೊಡುತ್ತದೆ. ಹನ್ನೆರಡು ಅಡಿಯ ಕಲ್ಲನ್ನು ಬೆಣೆ ಹೊಡೆದು ತೆಗೆದು, ಕೊಯ್ದು, ನಾಲ್ಕು ತಿಂಗಳಲ್ಲಿ ನಿಲ್ಲಿಸುವುದು ಆಗುವ ಕೆಲಸವಲ್ಲ. ಏಪ್ರಿಲಿನಲ್ಲಿ ಪ್ರಫುಲ್ಲಕ್ಕ ನನ್ನ ಕುರ್ಚಿಯಲ್ಲಿ ಕೂತು ಸುಕೇಶನಿಗೆ ಫೋನ್ ಮಾಡಿದ್ದು ನನಗೆ ನೆನಪುಂಟು.

"ಬೆಣೆ ಹಾಕಿ ತೆಗೆದದ್ದಲ್ವಾ?" ಎಂದು ಕೇಳಿದರು.

"ಹೌದು ಅಕ್ಕ. ನೀನು ಟೆನ್ಶನ್ ಮಾಡಬೇಡ" ಎಂದ ಅವನು. ಸ್ಪೀಕರಿನಲ್ಲಿತ್ತು, ನಾನೂ ಕೇಳಿದೆ. ಎರಡನೆಯ ಸಲ ಅವರು ಕೇಳಲಿಲ್ಲ. ಕೇಳಿದ್ದರೆ ದಿನಾಂಕ ಮುಂದೆ ಹಾಕಬೇಕಾಗುತ್ತಿತ್ತು, ಕಾರ್ಡು ಅಚ್ಚಾಗಿತ್ತು.

ಮೇ ಇಪ್ಪತ್ತೈದರ ಸೆಕೆ ಹೇಳಿ ಸುಖವಿಲ್ಲ. ಟೇಪು ಕತ್ತರಿಸಿ, ಭಾಷಣ ಮುಗಿದು, ಜನ ಶಾಲೆಯ ಅಂಗಳದ ಚಪ್ಪರಕ್ಕೆ ಊಟಕ್ಕೆ ಹೋದರು. ಪ್ರಫುಲ್ಲಕ್ಕ ತಂಗುದಾಣದ ಕೆಳಗೆ ಒಬ್ಬರೇ ನಿಂತಿದ್ದರು. ಕಲ್ಲಿನ ಅಂಚಿನಲ್ಲಿ ಮಾವನ ಹೆಸರು ಚೆನ್ನಾಗಿ ಕೆತ್ತಿದ್ದರು. "ಬಾಯಮ್ಮ, ನಿನ್ನ ಕೊಡೆ ಕೊಡು" ಎಂದರು. ನನ್ನದು ಉದ್ದದ ಕೊಡೆ, ತುದಿಗೆ ಉಕ್ಕಿನ ಮೊನೆ. ಅದನ್ನೆತ್ತಿ ಮಾಡಿನ ಕಲ್ಲಿಗೆ ಒಂದೊಂದು ಕಡೆ ಬಡಿಯುತ್ತ ಬಂದರು. ಈ ಮೂಲೆ, ಆ ಮೂಲೆ, ಅಂಚು. ಮಧ್ಯಕ್ಕೆ ಬಂದಾಗ ನಿಂತರು. ಮತ್ತೊಮ್ಮೆ ಬಡಿದರು. ಮೇಕಪ್ಪಿನ ಕೆಳಗೆ ಮುಖ ಬಿಳಿಚಿಕೊಂಡದ್ದು ನನಗೆ ಕಂಡಿತು. ಆ ಮುಖವನ್ನು ನಾನು ಕಾಣದ ದಿನ ಕಡಿಮೆ.

"ಕೇಳಿತಾ?"

"ಎಂತದ್ದು?" ಎಂದೆ. ನನಗೆ ಎಲ್ಲ ಕಡೆಯೂ ಟಕ್ ಟಕ್ ಎಂದೇ ಕೇಳಿತ್ತು.

ಸುಕೇಶನನ್ನು ಊಟದಿಂದ ಎಬ್ಬಿಸಿ ಕರೆಸಿದರು. ಅವನು ಕೇಳಿ ನಕ್ಕ. "ಇದು ಕಲ್ಲು ಅಕ್ಕ, ಜಲತರಂಗ ಅಲ್ಲ" ಎಂದ. ಮತ್ತೆ, ಬೇಕಾದರೆ ಕೊಯ್ದವನನ್ನೇ ಕೇಳು ಎಂದು ಈಶಪ್ಪನನ್ನು ಕರೆದ. ಈಶಪ್ಪ ಇಳಕಲ್ ಕಡೆಯವನು. ಹದಿನೆಂಟು ವರ್ಷದಿಂದ ಕೋರೆಯಲ್ಲಿ ಕಲ್ಲು ಕೊಯ್ಯುವ ಮೇಸ್ತ್ರಿ. ಹೆಂಡತಿ ಸೋಮವ್ವ ಆ ಕ್ರಾಸಿನ ಹತ್ತಿರವೇ ಒಬ್ಬರ ತೆಂಗಿನ ತೋಟ ನೋಡಿಕೊಳ್ಳುತ್ತಾಳೆ, ತೋಟದ ಬಿಡಾರದಲ್ಲಿ ವಾಸ. ಕಲ್ಲಿನ ವಿಷಯದಲ್ಲಿ ಅವನ ಮಾತಿಗೆ ಶೀನ ಶೆಟ್ಟರೇ ಎದುರಾಡುತ್ತಿರಲಿಲ್ಲವಂತೆ.

"ಈಶಪ್ಪ, ಇದು ಮದ್ದಿನ ಕಲ್ಲಾ?" ಎಂದು ಪ್ರಫುಲ್ಲಕ್ಕ ಕೇಳಿದರು.

ಈಶಪ್ಪ ಸುಕೇಶನನ್ನು ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿದ. "ಕಲ್ಲು ಗಟ್ಟಿ ಐತ್ರಿ ಅಕ್ಕಾರ. ಏನೂ ಆಗಂಗಿಲ್ಲ" ಎಂದ.

ಅಲ್ಲಿಗೆ ಮಾತು ಮುಗಿಯಿತು. ಮರುದಿನ ಸುಕೇಶ ತನ್ನ ಪರಿಚಯದ ಎಂಜಿನಿಯರ್ ಒಬ್ಬನನ್ನು ಕರೆದುಕೊಂಡು ಹೋದ. ಅವನು ಕೆಳಗೆ ನಿಂತು ಮೇಲೆ ನೋಡಿ ಸರಿ ಉಂಟು ಎಂದ. ಪ್ರಫುಲ್ಲಕ್ಕನಿಗೆ ನಿದ್ದೆ ಇಲ್ಲ. "ನಲ್ವತ್ತಾರು ವರ್ಷ ಆಯಿತು ಕಲ್ಲು ಬಡಿಯದೆ. ನನ್ನ ಕಿವಿ ಸುಳ್ಳು ಹೇಳುವುದೂ ಆಗಬಹುದು ಅಲ್ವಾ?" ಎಂದು ನನ್ನನ್ನು ಕೇಳುವರು. ನಾನು ಎಂತ ಹೇಳುವುದು? ನನಗೆ ಗೊತ್ತಿರುವುದು ಸೇಫ್ಟಿ ಪಿನ್ನು. "ನಿಮಗೆ ಹಾಗೆ ಅನಿಸಿದರೆ ಕೆಡವಿಸಿ" ಎಂದೆ. ಕೆಡವಿಸಿ ಕಲ್ಲು ಸರಿಯಾಗಿದ್ದರೆ ಮಾವನ ಹೆಸರಿಗೆ ಕೇಡು, ಕೋರೆಯ ಹೆಸರಿಗೆ ಕೇಡು, ತನಗೆ ನಗೆಗೇಡು. ಬಿಟ್ಟು, ಕಲ್ಲು ಒಡಕಾಗಿದ್ದರೆ ಶಾಲೆ ಮಕ್ಕಳು. ಅತ್ತ ದರಿ ಇತ್ತ ಪುಲಿ. ಜೂನ್ ಒಂದಕ್ಕೆ ಶಾಲೆ ಶುರುವಾಯಿತು, ಮಳೆಯೂ ಶುರುವಾಯಿತು.

ಜೂನ್ ಐದೋ ಆರೋ. ಕಾರ್ಕಳದಲ್ಲಿ ಬೆಳಗ್ಗೆ ಒಂದು ಉದ್ಘಾಟನೆ. ಕಾರನ್ನು ಅವರೇ ಓಡಿಸುವುದು, ಪಕ್ಕದಲ್ಲಿ ನಾನು. ನೇರ ದಾರಿ ಬಿಟ್ಟು ಬೆಳ್ಮಣ್ ಕಡೆಗೆ ತಿರುಗಿಸಿದರು. ಕ್ರಾಸಿನಲ್ಲಿ ಮಳೆ ಹೊಡೆಯುತ್ತಿತ್ತು. ತಂಗುದಾಣದ ಒಳಗೆ ಇಪ್ಪತ್ತು, ಇಪ್ಪತ್ತೈದು ಮಕ್ಕಳು ಒತ್ತಿಕೊಂಡು ನಿಂತಿದ್ದರು; ಮೀನಿನ ಬುಟ್ಟಿಯ ಹೆಂಗಸರಿಬ್ಬರು; ಕೋಲು ಹಿಡಿದ ಒಬ್ಬ ಅಜ್ಜ. ಹೊರಗೆ, ರಸ್ತೆಯ ಬದಿಯ ಕೆಸರಿನಲ್ಲಿ, ಒಂದು ಹುಡುಗಿ ಮಾತ್ರ ಕೊಡೆ ಹಿಡಿದು ನಿಂತಿತ್ತು. ಎಂಟನೆಯ ಕ್ಲಾಸೋ ಒಂಬತ್ತನೆಯದೋ ಇರಬೇಕು. ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡಿತ್ತು. ಲಂಗ ಮೊಣಕಾಲಿನವರೆಗೆ ಒದ್ದೆ. ಒಳಗೆ ಜಾಗ ಇಲ್ಲವೆಂದಲ್ಲ, ಇನ್ನೂ ಐದಾರು ಜನ ನಿಲ್ಲಬಹುದಿತ್ತು.

ಪ್ರಫುಲ್ಲಕ್ಕ ಗಾಜು ಇಳಿಸಿದರು. "ಒಳಗೆ ನಿಲ್ಲಬಾರದಾ ಮಗ? ಯಾಕೆ ಒದ್ದೆಯಾಗುವುದು?"

ರೇಷ್ಮೆ ಸೀರೆ ಉಟ್ಟವರೆಲ್ಲ ಆ ಮಕ್ಕಳಿಗೆ ಟೀಚರೇ. "ಬೇಡ ಟೀಚರ್. ಒಳಗೆ ನಿಲ್ಲಬಾರದಂತೆ" ಎಂದಿತು ಹುಡುಗಿ.

"ಯಾರು ಹೇಳಿದ್ದು?"

"ಅಪ್ಪ. ಎಷ್ಟು ಮಳೆ ಬಂದರೂ ಅದರ ಕೆಳಗೆ ಹೋಗಬೇಡ ಅಂದಿದ್ದಾರೆ. ಯಾರಿಗೂ ಹೇಳಬೇಡ ಅಂತಲೂ ಅಂದಿದ್ದಾರೆ." ಕೊನೆಯದನ್ನು ಹೇಳಿಬಿಟ್ಟ ಮೇಲೆ ಅದಕ್ಕೆ ಹೆದರಿಕೆಯಾಯಿತು.

"ನಿನ್ನ ಹೆಸರು ಎಂತ?"

"ಅಶ್ವಿನಿ ಈಶಪ್ಪ."

ನನಗೆ ಮೈ ಉರಿದುಹೋಯಿತು. ತನ್ನ ಮಗಳು ಹೊರಗೆ, ಊರ ಮಕ್ಕಳು ಒಳಗೆ. ಈಗಲೇ ಕೋರೆಗೆ ಹೋಗಿ ಅವನ ಕೊರಳ ಪಟ್ಟಿ ಹಿಡಿಯಬೇಕು ಎಂದೆ. ಪ್ರಫುಲ್ಲಕ್ಕ ಕಾರಿನಿಂದ ಇಳಿದು, ನಾನು ಮುಕ್ಕಾಲು ಗಂಟೆ ಕೂತು ಹಿಡಿದ ನೆರಿಗೆಯನ್ನು ಕೆಸರಿಗೆ ಬಿಟ್ಟು, ತಂಗುದಾಣದ ಒಳಗೆ ಹೋದರು. "ಎಲ್ಲರೂ ಹೊರಗೆ ಬನ್ನಿ. ಈ ಮಾಡು ಸರಿ ಇಲ್ಲ" ಎಂದರು.

ಮಕ್ಕಳು ಮುಖ ಮುಖ ನೋಡಿಕೊಂಡು ನಕ್ಕರು. ಮೀನಿನ ಹೆಂಗಸೊಬ್ಬಳು, "ಕಟ್ಟಿಸಿದ್ದೂ ನೀವೇ, ಓಡಿಸುವುದೂ ನೀವೇನಾ?" ಎಂದಳು. ಆದರೂ ಹೊರಗೆ ಬಂದರು, ಗೊಣಗುತ್ತ, ಎದುರಿನ ಅಂಗಡಿಯ ಜಗಲಿಗೆ. ಕೊನೆಯ ಶಾಲೆ ಬಸ್ಸು ಹೋಗುವ ತನಕ ಪ್ರಫುಲ್ಲಕ್ಕ ರಸ್ತೆಯಲ್ಲಿ ನಿಂತು ಒಬ್ಬರನ್ನೂ ಒಳಗೆ ಬಿಡಲಿಲ್ಲ. ಕಾರ್ಕಳದ ಉದ್ಘಾಟನೆಗೆ ಹೋಗಲಿಲ್ಲ. ಒಪ್ಪಿಕೊಂಡ ಕಾರ್ಯಕ್ರಮವನ್ನು ಅವರು ತಪ್ಪಿಸಿದ್ದು ನಾನು ಕಂಡಂತೆ ಅದೇ ಮೊದಲು.

ಎರಡು ದಿನ ಹೀಗೆಯೇ ಬೆಳಗ್ಗೆ, ಸಂಜೆ. ಊರು ನೋಡಿ ನಕ್ಕಿತು. ಎಲೆಕ್ಷನಿಗೆ ನಿಲ್ಲುವ ತಯಾರಿ ಎಂದರು, ತಲೆ ಕೆಟ್ಟಿದೆ ಎಂದರು. ಅವರ ಜತೆ ಕೊಡೆ ಹಿಡಿದು ನಿಂತ ನನ್ನನ್ನೂ ಬಿಡಲಿಲ್ಲ. ಮೂರನೆಯ ದಿನ ಅವರೇ ಫೋನ್ ಮಾಡಿ ಕ್ರೇನ್ ತರಿಸಿದರು. ಕ್ರೇನಿನ ಹಿಂದೆಯೇ ಸುಕೇಶ ಬಂದ, ಅವನ ಲಾರಿಯಲ್ಲಿ ಕೋರೆಯ ಆಳುಗಳು, ಅವರಲ್ಲಿ ಈಶಪ್ಪ.

"ಯಾರು ನಿನ್ನ ತಲೆಗೆ ಹಾಕಿದ್ದು ಅಕ್ಕ? ಇವನಾ?" ಎಂದು ಸುಕೇಶ ಈಶಪ್ಪನ ಕಡೆಗೆ ಕೈ ತೋರಿಸಿದ. "ಇವನೇ ಆದರೆ ಹೇಳು, ಈಗಲೇ ಗಂಟುಮೂಟೆ ಕಟ್ಟಿಸುತ್ತೇನೆ."

ನಾನು ಬಾಯಿ ತೆರೆದೆ. ಪ್ರಫುಲ್ಲಕ್ಕ ನನ್ನ ಕೈ ಹಿಡಿದು ಅಮುಕಿದರು, ಉಗುರು ನಾಟುವ ಹಾಗೆ.

"ಯಾರೂ ಹೇಳಲಿಲ್ಲ. ನನ್ನ ಕಿವಿಗೆ ಕೇಳಿತು" ಎಂದರು.

"ನಿನ್ನ ಕಿವಿಗೆ ಗೊತ್ತಿರುವುದು ವಜ್ರದ ಓಲೆ ಮಾತ್ರ."

ಅಷ್ಟು ಜನರ ಎದುರು. ಪ್ರಫುಲ್ಲಕ್ಕನ ಕಣ್ಣಲ್ಲಿ ನೀರು ಬಂತು, ನಾನು ಪಕ್ಕದಲ್ಲೇ ಇದ್ದೆ. ಆದರೆ ಧ್ವನಿ ನಡುಗಲಿಲ್ಲ. "ಕೋರೆ ಯಾರ ಹೆಸರಿನಲ್ಲಿ ಉಂಟು ಸುಕೇಶ?" ಎಂದು ಕೇಳಿದರು. ಅವನು ಕ್ರೇನಿನ ಕಡೆಗೆ ತಿರುಗಿದ. "ಹಾಗಾದರೆ ಕಲ್ಲು ಇಳಿಸಲಿಕ್ಕೆ ಹೇಳು. ಅವಸರ ಮಾಡಿದ್ದು ನಾನು, ದಿನ ಹೇಳಿದ್ದು ನಾನು. ಯಾರಾದರೂ ಕೇಳಿದರೆ ತಪ್ಪು ನನ್ನದೆಂದೇ ಹೇಳು."

ಕಲ್ಲಿಗೆ ಬೆಲ್ಟು ಬಿಗಿದವನು ಈಶಪ್ಪ. ತಲೆ ಎತ್ತಲಿಲ್ಲ. ನೂರು ಜನ ಮೊಬೈಲ್ ಹಿಡಿದು ನಿಂತಿದ್ದರು, ಕಲ್ಲು ಎರಡಾಗುವುದನ್ನು ಹಿಡಿಯಲು. ಕ್ರೇನು ಎತ್ತಿತು. ಕಲ್ಲು ಅಲ್ಲಾಡಿತು, ತಿರುಗಿತು, ರಸ್ತೆಯ ಬದಿಯಲ್ಲಿ ಮೆಲ್ಲ ಕೂತಿತು. ಏನೂ ಆಗಲಿಲ್ಲ. ಒಂದು ಚಕ್ಕೆ ಸಹ ಎದ್ದಿರಲಿಲ್ಲ. ಯಾರೋ ಸಿಳ್ಳೆ ಹಾಕಿದರು. ಆ ವಿಡಿಯೋ ಸಂಜೆಯೊಳಗೆ ಇಡೀ ಜಿಲ್ಲೆಗೆ ತಲುಪಿತು, ಕೊಲ್ಲಿ ದೇಶದಲ್ಲಿರುವ ನನ್ನ ತಮ್ಮ ಜೆಫ್ರಿಯೂ ನೋಡಿ ನಗುವ ಬೊಂಬೆ ಕಳಿಸಿದ.

"ಒಳ್ಳೆಯದೇ ಆಯಿತು. ಹೇಗೂ ಮಳೆ. ಒಂದು ತಿಂಗಳು ಹೀಗೆಯೇ ಬಯಲಿನಲ್ಲಿ ಇರಲಿ. ಬಿರುಕು ನೀರು ಕುಡಿದು ಕಾಣುತ್ತದಲ್ಲ, ಆಗ ಎಲ್ಲರನ್ನೂ ಕರೆದು ತೋರಿಸಿ" ಎಂದೆ ನಾನು. ಇಷ್ಟು ವರ್ಷದಲ್ಲಿ ನಾನು ಕೊಟ್ಟ ಒಂದೇ ಒಂದು ಜಾಣ ಸಲಹೆ ಅದು.

ಪ್ರಫುಲ್ಲಕ್ಕ ಅದನ್ನು ಕೇಳಲಿಲ್ಲ. ಕಲ್ಲನ್ನು ಅಲ್ಲಿಂದಲೇ ಲಾರಿಗೆ ಹಾಕಿಸಿ ಕ್ರಷರಿಗೆ ಕಳಿಸಿದರು. ಸಂಜೆಗೆ ಅದು ಜಲ್ಲಿಯಾಯಿತು, ಮಾವನ ಹೆಸರಿನ ಸಮೇತ. ಕಾಪುವಿಗೆ ವಾಪಸು ಹೋಗುವಾಗ ಕಾರಿನಲ್ಲಿ ನಾನು ಬಾಯಿಗೆ ಬಂದ ಹಾಗೆ ಬೈದೆ. ಕೈಯಲ್ಲಿದ್ದ ಸಾಕ್ಷಿಯನ್ನು ತಾನಾಗಿ ಪುಡಿ ಮಾಡುವವರು ಲೋಕದಲ್ಲಿ ಯಾರಾದರೂ ಇದ್ದಾರಾ ಎಂದೆ.

"ಇಮೆಲ್ಡಾ, ಸ್ವಲ್ಪ ಬಾಯಿ ಮುಚ್ಚು" ಎಂದರು. ಸ್ವಲ್ಪ ದೂರ ಹೋದ ಮೇಲೆ ಅವರೇ ಹೇಳಿದರು. "ಬಿರುಕು ಕಂಡರೆ ಸುಕೇಶ ತನ್ನ ತಲೆಗೆ ಕಟ್ಟಿಕೊಳ್ಳುತ್ತಾನಾ? ಕೊಯ್ದವನ ತಲೆಗೆ ಕಟ್ಟುತ್ತಾನೆ. ಪೊಲೀಸ್ ಕಂಪ್ಲೇಂಟು ಆಗುತ್ತದೆ. ಈಶಪ್ಪ ಮಳೆಗಾಲದಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಆ ಹುಡುಗಿ ನನ್ನ ಹತ್ತಿರ ನಿಜ ಹೇಳಿದ್ದಕ್ಕೆ ಅದರ ಶಾಲೆ ಬಿಡಿಸುವುದಾ?"

"ಮತ್ತೆ ನಿಮ್ಮ ಮರ್ಯಾದೆ?"

"ಅದು ಉಂಟಲ್ಲ, ಮೂರು ಕಪಾಟು."

ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ದಿನ. ಅಲ್ಲಿಯವರೆಗೆ ಅವರು ನನ್ನ ಗಿರಾಕಿ, ಅಷ್ಟೇ.

ಮರ್ಯಾದೆ ಹೋಗಲು ಹೆಚ್ಚು ದಿನ ಬೇಕಾಗಲಿಲ್ಲ. ಜುಲೈಯಲ್ಲಿ ಉಡುಪಿಯ ಚಿನ್ನದ ಅಂಗಡಿಯವರು ಹೊಸ ಮಹಡಿ ತೆರೆಯಲು ಮಂಗಳೂರಿನಿಂದ ಒಬ್ಬ ಸೀರಿಯಲ್ ಹುಡುಗಿಯನ್ನು ಕರೆಸಿದರು. ಎರಡು ಸಂಘಗಳ ಆಮಂತ್ರಣದಲ್ಲಿ ಇವರ ಹೆಸರು ಕೆಳಗಿನ ಸಾಲಿಗೆ ಇಳಿಯಿತು, ಇನ್ನೊಂದರಲ್ಲಿ ಇರಲೇ ಇಲ್ಲ. ಮುಂಬಯಿಯ ಒಂದು ಪಾರ್ಟಿ ಕಲ್ಲು ಬೇಡ ಎಂದಿತಂತೆ. ಸುಕೇಶ ಆರು ವಾರ ಮಾತು ಬಿಟ್ಟ. ವಾರಕ್ಕೆ ಐದು ಸಲ ಕಾಪುವಿಗೆ ಹೋಗುತ್ತಿದ್ದ ನಾನು ಒಂದು ಸಲ ಹೋಗಲು ತೊಡಗಿದೆ, ಅದೂ ತಲೆಗೆ ಎಣ್ಣೆ ಹಾಕಲು. ಅವರು ಪೇಪರ್ ತೆಗೆದು ಕಾರ್ಯಕ್ರಮಗಳ ಪುಟ ನೋಡಿ, ಯಾರು ಯಾವ ಕುರ್ಚಿಯಲ್ಲಿ ಕೂತಿದ್ದಾರೆಂದು ಎಣಿಸಿ, ಮಡಚಿಡುವರು. ಬೇಸರ ಇರಲಿಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ತುಂಬ ಬೇಸರ ಇತ್ತು. "ನಾನು ಕೇಳಿದ್ದು ಸರಿಯೇ ಅಲ್ವಾ ಬಾಯಮ್ಮ?" ಎಂದು ಮತ್ತೆ ಮತ್ತೆ ಕೇಳುವರು. ಹುಡುಗಿಯ ಮಾತು ನೆನಪಿಸಿದರೆ, "ಅಪ್ಪನಿಗೂ ಸಂಶಯ ಮಾತ್ರ ಇದ್ದಿರಬಹುದು. ಗೊತ್ತಿದ್ದೇ ಹೇಳಿದ್ದು ಅಂತ ಹೇಗೆ ಹೇಳುವುದು?" ಎನ್ನುವರು. ಕಲ್ಲು ಜಲ್ಲಿಯಾಗಿತ್ತು, ಈಶಪ್ಪನನ್ನು ಕರೆದು ಕೇಳುವ ಹಾಗಿಲ್ಲ. ಕೇಳಿದರೆ ಹುಡುಗಿ ಬಾಯಿ ಬಿಟ್ಟದ್ದು ತಿಳಿಯುತ್ತದೆ.

ಜುಲೈ ಕೊನೆಯಲ್ಲಿ ಒಂದು ಬೆಳಗ್ಗೆ ನನ್ನನ್ನು ನಾದಿನಿಯ ಮನೆಗೆ ಬಿಡಲು ಅವರು ಬೆಳ್ಮಣ್ ದಾರಿಯಲ್ಲಿ ಬಂದರು. ಕ್ರಾಸಿನಲ್ಲಿ ನಾಲ್ಕು ಕಂಬ ಮಾತ್ರ ನಿಂತಿದ್ದವು. ಹಂಚೋ ಶೀಟೋ ಹಾಕಿಸಲು ಪಂಚಾಯತಿನ ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಮಳೆ ಧೋ ಎಂದು ಸುರಿಯುತ್ತಿತ್ತು. ಮಕ್ಕಳೆಲ್ಲ ಎದುರಿನ ಅಂಗಡಿಯ ಜಗಲಿಯಲ್ಲಿದ್ದರು. ನಾಲ್ಕು ಕಂಬದ ನಡುವೆ, ಸರಿಯಾಗಿ ಮಧ್ಯದಲ್ಲಿ, ಅಶ್ವಿನಿ ಒಬ್ಬಳೇ ಕೊಡೆ ಹಿಡಿದು ನಿಂತಿದ್ದಳು.

ಪ್ರಫುಲ್ಲಕ್ಕ ಕಾರು ನಿಲ್ಲಿಸಿ ಗಾಜು ಇಳಿಸಿದರು. "ಇಲ್ಲಿ ಮಾಡೇ ಇಲ್ಲವಲ್ಲ ಮಗ. ಅಲ್ಲಿ ಜಗಲಿಯಲ್ಲಿ ನಿಲ್ಲಬಾರದಾ?"

"ಅಲ್ಲಿ ರಶ್ ಉಂಟು ಟೀಚರ್" ಎಂದಳು ಅಶ್ವಿನಿ. "ಇನ್ನು ಒಳಗೆ ನಿಲ್ಲಬಹುದಂತೆ. ಆ ಕಲ್ಲು ಇಳಿಸಿದ ದಿನ ಅಪ್ಪ ಮನೆಗೆ ಬಂದು ಅತ್ತರು. ಇವತ್ತಿನಿಂದ ಎಲ್ಲಿ ಬೇಕಾದರೂ ನಿಲ್ಲು ಅಂದರು."

ಹಿಂದಿನಿಂದ ಬಸ್ಸು ಹಾರ್ನ್ ಮಾಡಿತು. ಪ್ರಫುಲ್ಲಕ್ಕ ಕಾರನ್ನು ಬದಿಗೆ ತೆಗೆದು ನಿಲ್ಲಿಸಿದರು. ಹುಡುಗಿ ಬಸ್ಸು ಹತ್ತಿ ಹೋಯಿತು. ಗಾಜು ಇಳಿಸಿದ್ದು ಹಾಗೆಯೇ ಇತ್ತು, ಮಳೆ ಒಳಗೆ ಬಂದು ಅವರ ತೊಡೆಯ ಮೇಲೆ ಬೀಳುತ್ತಿತ್ತು. ಏರಿಸಿ ಎಂದು ನಾನು ಹೇಳಲಿಲ್ಲ.